ಮಾಹಿತಿಗಾಗಿ ಮತ್ತು ಅಗತ್ಯ ಕ್ರಮಕ್ಕಾಗಿ

ಸರ್ಕಾರ ಯಾವ ಸಂಶೋಧನೆಗೆ ಹಣ ಕೊಡಬೇಕು, ಯಾವುದಕ್ಕೆ ಕೊಡಬಾರದು ಎಂಬುದನ್ನು ಬಹಳ ಓದಿದವರು ಸೇರಿ, ಬಹಳ ಯೋಚಿಸಿ ತೀರ್ಮಾನಿಸುತ್ತಾರೆ ಎಂದು ನೀವು ನಂಬಿದ್ದರೆ ಆ ನಂಬಿಕೆ ಕೆಡಿಸುವ ಆಸೆ ನನಗಿಲ್ಲ. ಆದರೆ ಆ ಪಟ್ಟಿಯನ್ನು ಹದಿನಾಲ್ಕು ವರ್ಷ ಟೈಪ್ ಮಾಡಿದವನು ನಾನು, ಏಕಾಂತಯ್ಯ, ರಾಜ್ಯ ಸಂಶೋಧನಾ ಆದ್ಯತಾ ಮಂಡಳಿಯ ಶಾಖಾಧಿಕಾರಿ. ನಮ್ಮ ಕಚೇರಿ ರಾಜಾಜಿನಗರದಲ್ಲಿ ಒಂದು ಸೀರೆ ಅಂಗಡಿಯ ಮೇಲಿನ ಬಾಡಿಗೆ ಮಹಡಿಯಲ್ಲಿದೆ. ಕೆಳಗೆ ಆಷಾಢದ ರಿಯಾಯಿತಿ ಶುರುವಾದರೆ ನಮ್ಮ ಮೆಟ್ಟಿಲಿನ ಮೇಲೂ ಹೆಂಗಸರು ಕವರು ಹಿಡಿದು ಕೂತಿರುತ್ತಾರೆ, ಅವರನ್ನು ದಾಟಿಕೊಂಡು ವಿಜ್ಞಾನಿಗಳು ಮೇಲೆ ಬರಬೇಕು.

ಪಟ್ಟಿ ತಯಾರಾಗುವ ರೀತಿ ಹೇಳುತ್ತೇನೆ. ಜೂನ್ ತಿಂಗಳಲ್ಲಿ ನಾನು ಹೋದ ವರ್ಷದ ಪಟ್ಟಿ ತೆಗೆದು ಮೇಲಿನ ಇಸವಿ ಬದಲಾಯಿಸುತ್ತೇನೆ. ಅಷ್ಟರಲ್ಲಿ ದೆಹಲಿಯವರು ಯಾವುದಾದರೂ ಹೊಸ ಮಿಷನ್ ಘೋಷಿಸಿದ್ದರೆ ಅದನ್ನು ಸೇರಿಸುತ್ತೇನೆ. ಒಂದು ಸೇರಿದರೆ ಒಂದು ಹೋಗಬೇಕು. ಯಾಕೆಂದರೆ ಸಭಾಂಗಣದ ಗೋಡೆಯ ಮೇಲೆ ಹಿಂದಿನ ಅಧ್ಯಕ್ಷರು ಮಾಡಿಸಿದ ಬೋರ್ಡಿದೆ, ಅದರಲ್ಲಿ ಒಂಬತ್ತೇ ಚೌಕ. ಒಮ್ಮೆ ನಾನು ಟೈಪ್ ಮಾಡುವ ಗಡಿಬಿಡಿಯಲ್ಲಿ ಕುಡಿಯುವ ನೀರಿನಿಂದ ಬರುವ ರೋಗಗಳ ಸಾಲನ್ನೇ ಬಿಟ್ಟುಬಿಟ್ಟೆ. ಎರಡು ವರ್ಷ ಯಾರೂ ಕೇಳಲಿಲ್ಲ, ಆ ಎರಡು ವರ್ಷ ಆ ವಿಷಯದಲ್ಲಿ ಕೆಲಸ ಮಾಡುವವರಿಗೆ ಬಿಡಿಗಾಸು ಹೋಗಲಿಲ್ಲ. ನೆನಪಾಗಿ ನಾನೇ ವಾಪಸ್ ಸೇರಿಸಿದಾಗ ಅಧ್ಯಕ್ಷರು, "ಇದು ಹೊಸದಾ? ಒಳ್ಳೆ ಸಬ್ಜೆಕ್ಟ್ ರೀ" ಎಂದರು.

ಅಧ್ಯಕ್ಷರು ಎಂದರೆ ರೇವಣಸಿದ್ದಪ್ಪನವರು. ಹಿಂದೆ ದೊಡ್ಡ ಪ್ರೊಫೆಸರು, ಈಗ ಎಂಟು ಸಮಿತಿಗಳಲ್ಲಿದ್ದಾರೆ. ಅವರ ಕೆಳಗೆ ಸದಸ್ಯ ಕಾರ್ಯದರ್ಶಿ ಯಶ್ವಂತ್, ವಯಸ್ಸು ಮೂವತ್ತಾರು, ಕೈ ಶುದ್ಧ, ಸಮಯಕ್ಕೆ ಸರಿಯಾಗಿ ಬರುವ ಮನುಷ್ಯ. ಪಟ್ಟಿ ಹೀಗೆ ಬಾಯಿಗೆ ಬಂದಂತೆ ಆಗಬಾರದೆಂದು ಅವರೇ ಒಂದು ಅಂಕಪಟ್ಟಿ ತಂದರು. ದೆಹಲಿಯ ಮಿಷನ್‌ಗೆ ಹೊಂದುತ್ತದೆಯೇ, ಜಗತ್ತಿನ ಮುಂದೆ ಸ್ಪರ್ಧೆಗೆ ನಿಲ್ಲುತ್ತದೆಯೇ, ಉದ್ಯಮ ಕೈಜೋಡಿಸುತ್ತದೆಯೇ, ಅಗತ್ಯಕ್ಕೆ ದಾಖಲೆ ಇದೆಯೇ ಎಂದು ನಾಲ್ಕು ಕಾಲಂ, ಒಟ್ಟು ನೂರು ಅಂಕ. ಅರವತ್ತು ಬಂದ ವಿಷಯ ಬೋರ್ಡಿನ ಚೌಕಕ್ಕೆ ಏರುತ್ತದೆ. ಏರಿದ ಮೇಲಷ್ಟೇ ಯಾರಾದರೂ ಆ ವಿಷಯದಲ್ಲಿ ಹಣ ಕೇಳಬಹುದು.

ಹೋದ ವರ್ಷ ಜುಲೈನಲ್ಲಿ, ಮೆಟ್ಟಿಲಿನ ಸೀರೆ ಗಿರಾಕಿಗಳನ್ನು ದಾಟಿಕೊಂಡು ಕೀರ್ತನಾ ಬಂದಳು. ಸರ್ಕಾರಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವವಳು, ಮನೆ ಸುಂಕದಕಟ್ಟೆ. ಕೂತ್ಕೊಳ್ಳಿ ಮೇಡಂ ಎಂದರೂ ಕೂರಲಿಲ್ಲ.

"ಎರಡು ಸಲ ಅಪ್ಲೈ ಮಾಡಿದೀನಿ ಸಾರ್. ಎರಡು ಸಲಾನೂ ಆದ್ಯತಾ ಕ್ಷೇತ್ರದಲ್ಲಿಲ್ಲ ಅಂತ ವಾಪಸ್ ಬಂತು. ನಾನು ನನ್ ಪ್ರಾಜೆಕ್ಟ್ ಬಗ್ಗೆ ಕೇಳೋಕೆ ಬಂದಿಲ್ಲ. ಆ ಪಟ್ಟಿಗೆ ಒಂದು ವಿಷಯ ಹೇಗೆ ಸೇರುತ್ತೆ, ಅದನ್ನ ಹೇಳಿ ಸಾಕು."

ಹದಿನಾಲ್ಕು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಬರುವವರೆಲ್ಲ ತಮ್ಮ ಕೆಲಸಕ್ಕೆ ಪಟ್ಟಿಯಲ್ಲಿರುವ ಹೆಸರು ಹಚ್ಚಿಕೊಂಡೇ ಬರುತ್ತಾರೆ. ಹುಲ್ಲಿನ ಬಗ್ಗೆ ಕೆಲಸ ಮಾಡುವವರು ಕೃತಕ ಬುದ್ಧಿಮತ್ತೆ ಎಂದು ಬರೆದು ತಂದದ್ದನ್ನೂ ನೋಡಿದ್ದೇನೆ. ಈ ಹುಡುಗಿಯ ಮೇಲೆ ನನಗೆ ಗೌರವ ಹುಟ್ಟಿತು. ನಿವೃತ್ತಿಗೆ ಒಂಬತ್ತು ತಿಂಗಳಿತ್ತು, ಒಂದಾದರೂ ನೆಟ್ಟಗಿನ ಕೆಲಸ ಮಾಡಿ ಹೋಗೋಣ ಅನ್ನಿಸಿತು. ಆ ಆಸೆಯೇ ಎಲ್ಲಕ್ಕೂ ಮೂಲ ಎಂದು ಈಗ ಹೇಳಬಲ್ಲೆ.

ಅವಳ ಕೆಲಸ ಏನೆಂದು ನೋಡಲು ಆ ಶನಿವಾರ ಸುಂಕದಕಟ್ಟೆಗೆ ಹೋದೆ. ಮಾಗಡಿ ರಸ್ತೆಯಿಂದ ಒಳಗೆ ಎರಡು ತಿರುವು, ಮನೆಗಳ ನಡುವೆಯೇ ತಗಡಿನ ಶೆಡ್ಡುಗಳು. ಒಂದೊಂದರಲ್ಲೂ ಒಂದು ಕ್ರೋಮ್ ಟ್ಯಾಂಕು. ನಮ್ಮ ನಿಮ್ಮ ಬಚ್ಚಲುಮನೆಯ ನಲ್ಲಿಗಳಿಗೆ, ಬೈಕಿನ ಹ್ಯಾಂಡಲ್‌ಗಳಿಗೆ ಥಳಥಳ ಹೊಳಪು ಬರುವುದು ಇಲ್ಲಿ. ನಲ್ಲಿಗಳನ್ನು ತಂತಿಗೆ ಕಟ್ಟಿ ಕೆಂಪು ಕಂದು ಬಣ್ಣದ ಆಸಿಡ್‌ನಲ್ಲಿ ಇಳಿಬಿಟ್ಟು ಕರೆಂಟು ಕೊಡುತ್ತಾರೆ. ಆಸಿಡ್ ಗುಳ್ಳೆ ಗುಳ್ಳೆಯಾಗಿ ಒಡೆದು ಸಣ್ಣ ಮಂಜಿನ ಹಾಗೆ ಮೇಲೇಳುತ್ತದೆ. ಐದು ನಿಮಿಷ ನಿಂತಿದ್ದಕ್ಕೆ ನನ್ನ ಗಂಟಲು ಉರಿಯತೊಡಗಿತು. ದಿನಕ್ಕೆ ಹತ್ತು ಗಂಟೆ ಅದರ ಮೇಲೆ ಬಗ್ಗುವವರ ಮೂಗಿನ ಎರಡು ಹೊಳ್ಳೆಗಳ ನಡುವಿನ ಗೋಡೆ ಮೊದಲು ಹುಣ್ಣಾಗುತ್ತದೆ, ಆಮೇಲೆ ತೂತು ಬೀಳುತ್ತದೆ. ಒಮ್ಮೆ ತೂತು ಬಿದ್ದರೆ ಮುಚ್ಚುವುದಿಲ್ಲ.

ಕೀರ್ತನಾಳ ತಂದೆ ಕೆಂಚಪ್ಪ ಇಪ್ಪತ್ತಾರು ವರ್ಷ ಇಂಥ ಟ್ಯಾಂಕಿನ ಮುಂದೆ ನಿಂತು ಈಗ ಮನೆಯಲ್ಲಿದ್ದಾರೆ. ಅವರಿಗೆ ಸಾರಿನ ಒಗ್ಗರಣೆಯ ವಾಸನೆಯೂ ಗೊತ್ತಾಗುವುದಿಲ್ಲ. ಊರು ಬಡಾವಣೆಯಾದಾಗ ಇದ್ದ ಅರ್ಧ ಎಕರೆ ಹೋಗಿ, ಆ ಕಾಲಕ್ಕೆ ಸಿಕ್ಕಿದ ಕೆಲಸ ಅದು. ಈಗ ಅದೇ ಕೆಲಸದಲ್ಲಿ ಕೀರ್ತನಾಳ ತಮ್ಮ ಭೈರೇಶ್ ಇದ್ದಾನೆ. ವಯಸ್ಸು ಇಪ್ಪತ್ತೊಂಬತ್ತು, ಮದುವೆಯಾಗಿ ಒಂದು ಮಗು. ಅವನಿಗೆ ಹುಣ್ಣು ಶುರುವಾಗಿತ್ತು, ತೂತು ಇನ್ನೂ ಬಿದ್ದಿರಲಿಲ್ಲ. ಈಗ ಹೊಗೆ ತಪ್ಪಿದರೆ ಮಾಯುತ್ತದೆ, ಇನ್ನೊಂದು ವರ್ಷ ಹೀಗೇ ಕುಡಿದರೆ ಅಪ್ಪನ ದಾರಿಯೇ ಎಂದು ಡಾಕ್ಟರು ಹೇಳಿದ್ದರು.

ಇದಕ್ಕೆ ಕೀರ್ತನಾ ಮಾಡಿದ್ದು ಒಂದು ಮುಚ್ಚಳ. ಮುಚ್ಚಳ ಎಂದರೆ ಆಸಿಡ್ ಮೇಲೆ ತೇಲುವ ಪ್ಲಾಸ್ಟಿಕ್ ಗುಂಡುಗಳ ಒಂದು ಪದರ, ಟ್ಯಾಂಕಿನ ಅಂಚಿಗೆ ಸೀಳು ಕೊಯ್ದ ಪೈಪು, ಹಳೇ ಫ್ಯಾನಿನ ಮೋಟಾರು, ಹೊಗೆಯನ್ನು ಎಳೆದು ತೊಳೆಯುವ ಒಂದು ಡ್ರಮ್ಮು. ದೊಡ್ಡ ಕಾರ್ಖಾನೆಗಳಲ್ಲಿ ಲಕ್ಷಾಂತರದ ಯಂತ್ರಗಳಿವೆ, ಅವು ಈ ಗೂಡಿನಂಥ ಶೆಡ್ಡಿಗೆ ಹಿಡಿಸುವುದಿಲ್ಲ, ಇಲ್ಲಿನ ಕರೆಂಟಿಗೆ ಓಡುವುದೂ ಇಲ್ಲ. ಇವಳದ್ದು ಓಡುತ್ತಿತ್ತು. ಸಂಬಳದ ದುಡ್ಡಿನಲ್ಲಿ ಭೈರೇಶನ ಟ್ಯಾಂಕಿಗೆ ಒಂದನ್ನು ಕೂರಿಸಿದ್ದಳು. ಅವನು ಗುಂಡಿ ಒತ್ತಿದ, ಎರಡು ನಿಮಿಷದಲ್ಲಿ ನಾನು ಕರವಸ್ತ್ರ ಕೆಳಗಿಳಿಸಿದೆ.

"ನೋಡಿ ಸಾರ್, ಈಗ ಮಾತಾಡ್ಬೋದು" ಎಂದು ಭೈರೇಶ್ ನಕ್ಕ. "ಮುಂಚೆ ನಾವೆಲ್ಲ ಕೈಸನ್ನೆಲೇ ಮಾತಾಡ್ತಿದ್ವಿ."

ಇದು ನಲವತ್ತು ಶೆಡ್ಡುಗಳಲ್ಲಿ ಎರಡು ವರ್ಷ ನಿಲ್ಲುತ್ತದೆಯೇ, ಜನರ ಮೂಗು ನಿಜಕ್ಕೂ ಉಳಿಯುತ್ತದೆಯೇ ಎಂದು ಅಳೆದು ನೋಡಬೇಕು. ಅದಕ್ಕೆ ಅವಳು ಕೇಳಿದ್ದು ಹದಿನೆಂಟು ಲಕ್ಷ. ನಮ್ಮ ಮಂಡಳಿಯ ವಾರ್ಷಿಕ ಸಮಾವೇಶದ ಪೆಂಡಾಲಿನ ಖರ್ಚೇ ಅದಕ್ಕಿಂತ ಹೆಚ್ಚು.

ಸೋಮವಾರ ಅವಳನ್ನು ಕಚೇರಿಗೆ ಕರೆಸಿ ಅವಳ ವಿಷಯಕ್ಕೆ ಅಂಕಪಟ್ಟಿ ಹಿಡಿದು ಕೂತೆ. ಮೊದಲ ಮೂರು ಕಾಲಂನಲ್ಲಿ ಹೆಚ್ಚೇನೂ ಸಿಗುವ ಹಾಗಿರಲಿಲ್ಲ, ಸುಂಕದಕಟ್ಟೆಯ ನಲ್ಲಿ ಜಗತ್ತಿನ ಮುಂದೆ ಸ್ಪರ್ಧೆಗೆ ನಿಲ್ಲುವುದಿಲ್ಲ. ಉಳಿದಿದ್ದು ಅಗತ್ಯದ ದಾಖಲೆ, ಮೂವತ್ತು ಅಂಕ. ಸರ್ಕಾರಿ ಅಂಕಿಅಂಶದಲ್ಲಿ ಈ ಕಾಯಿಲೆಯವರು ಒಬ್ಬರೂ ಇಲ್ಲ. ಶೆಡ್ಡುಗಳಿಗೇ ಸರಿಯಾದ ಲೈಸೆನ್ಸ್ ಇಲ್ಲ, ಕೆಲಸದವರ ಕಾಯಿಲೆಗೆ ಎಲ್ಲಿಯ ಲೆಕ್ಕ. ಕೀರ್ತನಾಳ ಹತ್ತಿರ ಮೂವತ್ತೊಂದು ಜನರ ಮೂಗಿನ ಪರೀಕ್ಷೆ ಇತ್ತು, ಡಾಕ್ಟರ ಸಹಿ ಸಮೇತ. ಆದರೆ ಅವಳು ಅವರನ್ನು ವ್ಯಕ್ತಿ ಒಂದು, ವ್ಯಕ್ತಿ ಎರಡು ಎಂದು ಬರೆದಿದ್ದಳು.

"ಇದು ನಡೆಯಲ್ಲಮ್ಮ" ಎಂದೆ. "ಹೆಸರು ಬೇಕು, ವಿಳಾಸ ಬೇಕು, ಸಹಿ ಬೇಕು. ಅನುಬಂಧ ಅಂತ ಒಂದು ಇದ್ರೇನೇ ಸಮಿತಿ ನಂಬೋದು."

"ಹೆಸರು ಹೇಳಲ್ಲ ಅಂತ ಮಾತು ಕೊಟ್ಟಿದೀನಿ ಸಾರ್. ಅದಕ್ಕೇ ಅವರು ಪರೀಕ್ಷೆಗೆ ಬಂದಿದ್ದು. ರಿಸರ್ಚಲ್ಲಿ ಹಂಗೇ ಮಾಡೋದು, ನಂಬರಲ್ಲೇ ಬರೀಬೇಕು."

"ರಿಸರ್ಚಲ್ಲಿ ಇರಬೋದು. ಇದು ಫೈಲು."

ಈ ಮಾತನ್ನು ನಾನು ಹೆಮ್ಮೆಯಿಂದಲೇ ಹೇಳಿದೆ. ಬಾಯಿಗೆ ಬೀಗ ಹಾಕಿಕೊಳ್ಳಬಾರದಿತ್ತೇ ಎಂದು ಎಷ್ಟು ಸಲ ಅಂದುಕೊಂಡಿದ್ದೇನೋ.

ಮರುದಿನ ಅವಳು ಭೈರೇಶನನ್ನು ಕರೆದುಕೊಂಡು ಬಂದಳು. ಅವನ ಬೆರಳುಗಳು ಅರಿಶಿನದ ಕೊಂಬಿನ ಬಣ್ಣಕ್ಕೆ ತಿರುಗಿದ್ದವು. ಟೀ ತರಿಸಿದರೆ ಕುಡಿಯಲಿಲ್ಲ, ಬಿಸಿ ಆವಿ ತಾಗಿದರೆ ಮೂಗು ಉರಿಯುತ್ತದಂತೆ.

"ಸಾರ್, ಒಂದೇ ಮಾತು" ಎಂದ. "ಇದ್ರಿಂದ ನಮ್ ಹುಡುಗ್ರಿಗೆ ಏನೂ ತೊಂದ್ರೆ ಆಗಲ್ವಲ್ಲ?"

"ಏನ್ ತೊಂದ್ರೆ ಆಗುತ್ತಪ್ಪಾ? ಈ ಕಾಗದ ಸಮಿತಿ ಮುಂದೆ ಹೋಗುತ್ತೆ, ಆಮೇಲೆ ನನ್ ಬೀರುಗೆ ಬರುತ್ತೆ. ನಾನಿದೀನಿ."

"ನೀವ್ ಹೇಳಿದ್ಮೇಲೆ ಸರಿ ಬಿಡಿ ಸಾರ್."

ಅವನು ಶೆಡ್ಡಿಂದ ಶೆಡ್ಡಿಗೆ ಹೋಗಿ, ಊಟದ ಹೊತ್ತಲ್ಲಿ ಒಬ್ಬೊಬ್ಬರನ್ನೇ ಒಪ್ಪಿಸಿ, ಮೂವತ್ತೊಂದು ಸಹಿ ತಂದ. ಮಾಲೀಕರಿಗೆ ಗೊತ್ತಾಗದ ಹಾಗೆ ತಂದ. ನಾನು ಅದನ್ನು ಕ್ರಮಸಂಖ್ಯೆ ಹಾಕಿ, ಹೆಸರು, ಶೆಡ್ಡಿನ ಅಡ್ಡರಸ್ತೆ, ಬಾಗಿಲ ನಂಬರು, ಕಾಯಿಲೆಯ ಹಂತ ಎಂದು ಗೆರೆ ಎಳೆದು ಚೊಕ್ಕವಾಗಿ ಟೈಪ್ ಮಾಡಿದೆ. ಅಷ್ಟು ಚೆನ್ನಾದ ಅನುಬಂಧವನ್ನು ನನ್ನ ಸರ್ವಿಸ್ಸಿನಲ್ಲೇ ಮಾಡಿರಲಿಲ್ಲ.

ಆಗಸ್ಟ್ ಸಭೆಯಲ್ಲಿ ಹನ್ನೊಂದನೇ ವಿಷಯವಾಗಿ ಇದು ಬಂತು. ಆ ಹೊತ್ತಿಗೆ ಕ್ವಾಂಟಮ್ ಆಗಿತ್ತು, ಬಾಹ್ಯಾಕಾಶ ಆಗಿತ್ತು, ಗೋಡಂಬಿ ತಟ್ಟೆ ಖಾಲಿಯಾಗಿತ್ತು. ರೇವಣಸಿದ್ದಪ್ಪನವರು ಹಾಳೆ ತಿರುವಿ ಕನ್ನಡಕದ ಮೇಲಿಂದ ನೋಡಿದರು.

"ಏನ್ರೀ ಇದು ಯಶ್ವಂತ್? ಮುಚ್ಚಳ? ಇದು ರಿಸರ್ಚ್ ಅಲ್ಲ ಕಣ್ರೀ, ಫ್ಯಾನು."

ಸದಸ್ಯರು ನಕ್ಕರು. ಗೋಡೆಗೆ ಒರಗಿ ನಿಂತಿದ್ದ ನನಗೆ ಮೈಯೆಲ್ಲ ಉರಿಯಿತು. ಯಶ್ವಂತ್ ಮಾತ್ರ ನಗಲಿಲ್ಲ. "ಸರ್, ಅಂಕಪಟ್ಟಿ ಪ್ರಕಾರ ಹೋಗೋಣ. ಅಗತ್ಯದ ದಾಖಲೆ ಪೂರ್ತಿ ಇದೆ, ಹೆಸರು ವಿಳಾಸ ಸಮೇತ. ಇಲ್ಲಿವರೆಗೆ ಯಾವ ವಿಷಯಕ್ಕೂ ಇಷ್ಟು ನೀಟಾಗಿ ಬಂದಿಲ್ಲ" ಎಂದರು. ಮೂವತ್ತಕ್ಕೆ ಮೂವತ್ತು ಬಿತ್ತು. ಉಳಿದ ಮೂರು ಕಾಲಂನ ಚೂರುಪಾರು ಸೇರಿ ಒಟ್ಟು ಐವತ್ತೇಳಾಯಿತು. ಮೂರು ಅಂಕ ಕಡಿಮೆ.

"ಸಂಬಂಧಪಟ್ಟ ಇಲಾಖೆ ಅಭಿಪ್ರಾಯ ಕೇಳಿ" ಎಂದರು ಅಧ್ಯಕ್ಷರು. "ಅವರು ಬೇಕು ಅಂದ್ರೆ ಮುಂದಿನ ಸಭೆಲಿ ಮೂರು ಅಂಕ ಹಾಕ್ಕೊಂಡು ಚೌಕಕ್ಕೆ ಏರಿಸೋಣ."

ನಾನು ಕೆಳಗಿಳಿದು ಬಂದು ಕೀರ್ತನಾಗೆ ಫೋನ್ ಮಾಡಿದೆ. "ಥ್ಯಾಂಕ್ಸ್ ಸಾರ್" ಎಂದಳು. ಅಳುತ್ತಿದ್ದಳು ಅಂತ ಕಾಣುತ್ತದೆ.

ಕಾರ್ಮಿಕರನ್ನು ನೋಡಿಕೊಳ್ಳುವ ಇಲಾಖೆಗೆ ಅಭಿಪ್ರಾಯ ಕೇಳುವ ಪತ್ರ ಬರೆಯಲು ಎರಡು ದಿನ ತೆಗೆದುಕೊಂಡೆ. ಇಲಾಖೆಯ ಮನಸ್ಸು ಕರಗಬೇಕು ಎಂದು ಒಂದೊಂದು ಸಾಲನ್ನೂ ತಿದ್ದಿದೆ. ನಗರದ ಪಶ್ಚಿಮ ಭಾಗದ ಈ ಘಟಕಗಳಲ್ಲಿ ಮೂವತ್ತೊಂದು ಕಾರ್ಮಿಕರ ಮೂಗಿಗೆ ಹಾನಿಯಾಗಿರುವುದು ವೈದ್ಯಕೀಯವಾಗಿ ದೃಢಪಟ್ಟಿದ್ದು, ವಿಷಯವು ಅತ್ಯಂತ ತುರ್ತಿನದ್ದಾಗಿರುತ್ತದೆ ಎಂದು ಬರೆದೆ. ಇದನ್ನು ಸಂಶೋಧನೆಯ ಆದ್ಯತೆಗೆ ಸೇರಿಸುವ ಬಗ್ಗೆ ಅಭಿಪ್ರಾಯ ತಿಳಿಸಿ ಎಂದು ಕೇಳಿದೆ. ಯಶ್ವಂತ್ ಓದಿ, "ಬ್ಯೂಟಿಫುಲ್ ಏಕಾಂತಯ್ಯನವರೇ" ಎಂದು ಸಹಿ ಹಾಕಿದರು.

ಸರ್ಕಾರಿ ಪತ್ರದ ಕೊನೆಯಲ್ಲಿ, ಸಹಿಯ ಕೆಳಗೆ ಎಡಗಡೆ, ಪ್ರತಿಗಳ ಸಾಲು ಬರುತ್ತದೆ. ಒಬ್ಬರಿಗೇ ಹೋದ ಪತ್ರವನ್ನು ಆ ಒಬ್ಬರು ಮೂಲೆಗೆ ಎಸೆಯಬಹುದು, ನಾಲ್ಕು ಕಡೆ ಪ್ರತಿ ಹೋಗಿದೆ ಎಂದರೆ ಸ್ವಲ್ಪ ಭಯವಿರುತ್ತದೆ. ಇದು ನನಗೆ ಮೊದಲ ಸಾಹೇಬರು ಕಲಿಸಿದ ಪಾಠ. ಹಾಗಾಗಿ ಪರಿಸರ ನೋಡುವ ಕಚೇರಿಗೆ ಒಂದು, ಲೈಸೆನ್ಸ್ ನೋಡುವ ಕಚೇರಿಗೆ ಒಂದು, ಕರೆಂಟಿನವರಿಗೆ ಒಂದು ಪ್ರತಿ ಹಾಕಿದೆ. ಪ್ರತಿಯ ಮುಂದೆ, 'ಮಾಹಿತಿಗಾಗಿ ಮತ್ತು ಅಗತ್ಯ ಕ್ರಮಕ್ಕಾಗಿ' ಎಂದು ಬರೆದೆ. ಬರೆದೆ ಎನ್ನುವುದೂ ಹೆಚ್ಚಾಯಿತು, ಆ ಪದಗಳನ್ನು ನನ್ನ ಬೆರಳುಗಳೇ ಟೈಪ್ ಮಾಡುತ್ತವೆ. ಮೂವತ್ತಮೂರು ವರ್ಷದ ಸರ್ವಿಸ್ಸಿನಲ್ಲಿ ನಾನು ಕಳಿಸಿದ ಪ್ರತಿ ನೋಡಿ ಯಾರೂ ಯಾವ ಕ್ರಮವನ್ನೂ ಕೈಗೊಂಡಿರಲಿಲ್ಲ. ಅನುಬಂಧವನ್ನು ನಾಲ್ಕಕ್ಕೂ ಲಗತ್ತಿಸಿದೆ.

ಹನ್ನೆರಡನೇ ದಿನ ಬೆಳಿಗ್ಗೆ ಹತ್ತೂವರೆಗೆ ಕೀರ್ತನಾ ಫೋನ್ ಮಾಡಿದಳು.

"ಸಾರ್, ಇಲ್ಲಿ ಶೆಡ್ಡುಗಳಿಗೆಲ್ಲ ಸೀಲ್ ಹಾಕ್ತಾ ಇದಾರೆ. ಅವರ ಕೈಲಿ ಒಂದು ಪಟ್ಟಿ ಇದೆ."

ಆಟೊ ಹಿಡಿದು ಹೋದೆ. ಅಡ್ಡರಸ್ತೆಯ ತುಂಬ ಜನ. ಕಂಬ ಹತ್ತಿ ಒಬ್ಬ ವೈರು ಕೀಳುತ್ತಿದ್ದ. ಜೀಪಿನ ಬಾನೆಟ್ಟಿನ ಮೇಲೆ ಅಧಿಕಾರಿಯೊಬ್ಬ ಕಾಗದ ಹರಡಿಕೊಂಡು, ಒಂದು ಶೆಡ್ಡಿಗೆ ಬೀಗ ಬಿದ್ದ ಕೂಡಲೇ ಒಂದು ಹೆಸರಿನ ಮುಂದೆ ಟಿಕ್ ಹಾಕುತ್ತಿದ್ದ. ನನ್ನ ಗೆರೆಗಳು, ನನ್ನ ಕ್ರಮಸಂಖ್ಯೆ, ನನ್ನ ಬಾಗಿಲ ನಂಬರು. ನಾನು ಯಾರೆಂದು ಹೇಳಿಕೊಂಡು, ಇದು ಸಂಶೋಧನೆಗೆ ಮಾಡಿದ ಪಟ್ಟಿ, ಇದಕ್ಕೆ ಇದಲ್ಲ ಅರ್ಥ ಎಂದೆ.

"ಓ, ನೀವೇನಾ ಸಾರ್!" ಎಂದು ಅವನು ಕೈ ಕುಲುಕಿದ. "ತುಂಬಾ ಹೆಲ್ಪ್ ಆಯ್ತು. ಈ ಕ್ವಾರ್ಟರ್‌ಗೆ ಇಪ್ಪತ್ತು ಘಟಕ ಮುಚ್ಚಿಸ್ಬೇಕು ಅಂತ ಟಾರ್ಗೆಟ್ ಇತ್ತು. ಮನೆ ಮನೆ ಹುಡುಕ್ಕೊಂಡು ಎಲ್ಲಿ ಹೋಗೋದು ಅಂತಿದ್ವಿ. ನೀವು ಬಾಗಿಲ ನಂಬರೇ ಕೊಟ್ಬಿಟ್ರಿ."

ಅವನ ಕೈಯನ್ನು ಬಿಡಿಸಿಕೊಂಡೆ. ಅವನ ತಪ್ಪೇನಿತ್ತು? ಅಗತ್ಯ ಕ್ರಮಕ್ಕಾಗಿ ಎಂದು ಕೇಳಿದವನು ನಾನು.

ಭೈರೇಶನ ಶೆಡ್ಡಿನ ಮಾಲೀಕ ಮೋಟಾರು, ಪೈಪು, ಡ್ರಮ್ಮು ಎಲ್ಲವನ್ನೂ ರಸ್ತೆಗೆ ಎಸೆದಿದ್ದ. ಪ್ಲಾಸ್ಟಿಕ್ ಗುಂಡುಗಳು ಚರಂಡಿಯ ತನಕ ಉರುಳಿಕೊಂಡು ಹೋಗಿದ್ದವು. ಕೀರ್ತನಾ ಅವುಗಳನ್ನು ಹೆಕ್ಕುತ್ತಿರಲಿಲ್ಲ. ಮಾಲೀಕ ಅವಳಿಗೆ ಕೇಳುವ ಹಾಗೆ ಕೂಗುತ್ತಿದ್ದ: "ಓದಿರೋ ಹುಡುಗಿ ಅಂತ ಒಳಗ್ ಬಿಟ್ಕೊಂಡೆ. ನಮ್ ಬುಡಕ್ಕೇ ಇಟ್ಳು." ಹತ್ತಿರ ನಿಂತಿದ್ದ ಕೆಲಸದವರು ಅವಳ ಮುಖ ನೋಡಲಿಲ್ಲ. ಅವರೆಲ್ಲ ನೋಡುತ್ತಿದ್ದುದು ಭೈರೇಶನನ್ನು. ಸಹಿ ಹಾಕಿಸಿಕೊಂಡವನು ಅವನಲ್ಲವೇ.

ಮಾರನೇ ದಿನ ಯಶ್ವಂತ್ ಅವರ ಮುಂದೆ ನಿಂತು ನಡೆದದ್ದೆಲ್ಲ ಹೇಳಿದೆ. ಪ್ರತಿ ಹಾಕಿದ್ದು ನನ್ನ ತಪ್ಪು, ನೋಟೀಸ್ ಕೊಡಿ, ಅದರ ಆಧಾರದ ಮೇಲಾದರೂ ಆ ಪತ್ರ ವಾಪಸ್ ತೆಗೆದುಕೊಳ್ಳೋಣ ಎಂದೆ. ಅವರು ಫೈಲು ತರಿಸಿ ಎರಡು ಸಲ ಓದಿದರು.

"ನೀವು ಯಾವ ನಿಯಮಾನೂ ಮೀರಿಲ್ಲ ಏಕಾಂತಯ್ಯನವರೇ. ಪ್ರತಿ ಹಾಕಿದ್ದು ಸರಿಯಾಗೇ ಇದೆ. ಲೈಸೆನ್ಸ್ ಇಲ್ದಿರೋ ಘಟಕ ಮುಚ್ಚಿಸಿದ್ದೂ ಸರಿಯಾಗೇ ಇದೆ. ಯಾವುದನ್ನ ವಾಪಸ್ ತಗೊಳ್ಳೋದು ಹೇಳಿ?"

ಬೈದಿದ್ದರೆ ಚೆನ್ನಾಗಿರುತ್ತಿತ್ತು. ಅಷ್ಟು ಒಳ್ಳೆಯವನಾದ ಆ ಹುಡುಗನ ಮೇಲೆ ನನಗೆ ಆ ಕ್ಷಣ ಹೇಸಿಗೆ ಬಂತು, ಅದಕ್ಕಿಂತ ಹೆಚ್ಚು ನನ್ನ ಮೇಲೆ ಬಂತು.

ನವೆಂಬರಿನಲ್ಲಿ ಮುಂದಿನ ಸಭೆ. ಯಾವ ಇಲಾಖೆಯ ಅಭಿಪ್ರಾಯ ಕೇಳಿದ್ದೆವೋ ಅಲ್ಲಿಂದ ಉತ್ತರ ಬಂದಿರಲಿಲ್ಲ. ಬಂದಿದ್ದು ಪ್ರತಿ ಹೋದ ಕಚೇರಿಯಿಂದ, ಹತ್ತೊಂಬತ್ತು ಘಟಕಗಳನ್ನು ಮುಚ್ಚಲಾಗಿದೆ, ಸದರಿ ಪ್ರದೇಶದಲ್ಲಿ ಸಮಸ್ಯೆ ಇರುವುದಿಲ್ಲ ಎಂಬ ವರದಿ. ರೇವಣಸಿದ್ದಪ್ಪನವರು ಮೊದಲ ಸಲ ಆ ವಿಷಯವನ್ನು ಆಸಕ್ತಿಯಿಂದ ಓದಿದರು.

"ನೋಡ್ರೀ, ಮಂಡಳಿ ಒಂದು ಕಾಗದ ಬರೆದ್ರೆ ಎಷ್ಟು ಕೆಲಸ ಆಗುತ್ತೆ! ಸಮಸ್ಯೆನೇ ಇಲ್ಲ ಅಂದ್ಮೇಲೆ ಆದ್ಯತೆ ಎಲ್ಲಿಂದ ಬಂತು. ಅಗತ್ಯದ ಕಾಲಂಗೆ ಸೊನ್ನೆ ಹಾಕಿ, ವಿಷಯ ಕೈಬಿಡಿ. ಹಾಂ, ವಾರ್ಷಿಕ ವರದಿಲಿ ಇದನ್ನ ಹಾಕಿ. ಸಂಶೋಧನೆಯಿಂದ ಸಮಾಜಕ್ಕೆ ಪರಿಣಾಮ ಅಂತ ಒಂದು ಅಧ್ಯಾಯ ಖಾಲಿ ಇದೆಯಲ್ಲ."

ನಾನು ಗೋಡೆ ಬಿಟ್ಟು ಮುಂದೆ ಬಂದೆ. "ಸಾರ್, ಟ್ಯಾಂಕುಗಳು ಎಲ್ಲೂ ಹೋಗಿಲ್ಲ" ಎಂದೆ. "ಮಾಗಡಿ ರೋಡಲ್ಲೇ ಇನ್ನೂ ಮುಂದೆ, ಕೋಳಿ ಫಾರಂ ಶೆಡ್ಡುಗಳಿಗೆ ಹೋಗಿವೆ. ಹೊರಗಿನವರಿಗೆ ಹೊಗೆ ಕಾಣಬಾರದು ಅಂತ ಷಟರ್ ಎಳ್ಕೊಂಡು ಕೆಲಸ ಮಾಡಿಸ್ತಿದಾರೆ. ಮೊದಲಿಗಿಂತ ಕೆಟ್ಟದಾಗಿದೆ ಸಾರ್."

ಶಾಖಾಧಿಕಾರಿ ಸಭೆಯಲ್ಲಿ ಮಾತಾಡುವುದು ಪದ್ಧತಿಯಲ್ಲ. ಅಧ್ಯಕ್ಷರು ಒಂದು ಗಳಿಗೆ ನನ್ನನ್ನೇ ನೋಡಿ, ಮೆತ್ತಗೆ, "ಅದಕ್ಕೆ ದಾಖಲೆ ಇದೆಯೇನ್ರೀ?" ಎಂದರು.

ಇರಲಿಲ್ಲ. ಆ ಅಧ್ಯಾಯವನ್ನು ನಾನೇ ಟೈಪ್ ಮಾಡಿದೆ. ಅದರಲ್ಲಿ ನನ್ನ ಹೆಸರು ಹಾಕಿ ಶ್ಲಾಘಿಸಿದ್ದಾರೆ.

ದಾಖಲೆ ಎಂಬ ಆ ಮಾತು ತಲೆಯಿಂದ ಹೋಗಲಿಲ್ಲ. ನಿವೃತ್ತಿಗೆ ನಾಲ್ಕು ತಿಂಗಳಿತ್ತು. ಮೂವತ್ತೊಂದು ಜನ ಇನ್ನೊಮ್ಮೆ ಹೇಳಿಕೆ ಕೊಟ್ಟರೆ, ಈ ಸಲ ಹೆಸರಿಲ್ಲದೆ, ಪ್ರತಿ ಇಲ್ಲದೆ, ಫೈಲನ್ನು ಮತ್ತೆ ಮೇಲೆ ಕಳಿಸಬಹುದು ಎಂದುಕೊಂಡೆ. ಒಂದು ಭಾನುವಾರ ಸಂಜೆ ಬ್ಯಾಗಿನಲ್ಲಿ ಹಾಳೆಗಳನ್ನು ಇಟ್ಟುಕೊಂಡು ಬಸವೇಶ್ವರನಗರದಿಂದ ಸುಂಕದಕಟ್ಟೆಯ ಬಸ್ಸು ಹತ್ತಿದೆ. ಏನು ಮುಖ ಹೊತ್ತು ಹೋಗುತ್ತೀ ಎಂದು ದಾರಿಯುದ್ದಕ್ಕೂ ನನಗೆ ನಾನೇ ಕೇಳಿಕೊಂಡೆ.

ಕೀರ್ತನಾ ಬಾಗಿಲು ತೆಗೆದಳು. ನನ್ನನ್ನು ಕಂಡು ಪಕ್ಕಕ್ಕೆ ಸರಿದಳು. ನಡುಮನೆಯಲ್ಲಿ ಚಾಪೆಯ ಮೇಲೆ ಏಳೆಂಟು ಗಂಡಸರು ಕೂತಿದ್ದರು. ಎಲ್ಲರ ಉಗುರೂ ಇನ್ನೂ ಹಳದಿ. ಕೆಂಚಪ್ಪ ಮಂಚದ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ನಾನು ಬಂದ ಕಾರಣವನ್ನು ಹೇಳಿದೆ, ಆದಷ್ಟು ಬೇಗ, ನಿಂತುಕೊಂಡೇ ಹೇಳಿದೆ.

ಭೈರೇಶ್ ಒಂದು ಹೊಳ್ಳೆಗೆ ಹತ್ತಿ ಇಟ್ಟುಕೊಂಡಿದ್ದ. ನಾನು ಮುಗಿಸುವವರೆಗೂ ತಾಳ್ಮೆಯಿಂದ ಕೇಳಿದ.

"ನೀವಾಗೇ ಬಂದ್ರಿ, ಒಳ್ಳೇದಾಯ್ತು ಸಾರ್. ನಿಮ್ಮಂಥೋರು ಒಬ್ರು ಬೇಕಿತ್ತು. ನಮ್ಗೆ ಹೊಸ ಜಾಗದಲ್ಲಿ ಕೆಲ್ಸ ಕೊಡ್ತಿಲ್ಲ. ಆ ಪಟ್ಟಿಲಿ ಹೆಸ್ರಿರೋರ್ನ ಯಾರೂ ಒಳಗ್ ಸೇರಿಸ್ತಿಲ್ಲ. ಮೂರು ತಿಂಗ್ಳಾಯ್ತು. ನಾನೊಬ್ಬ ಕೈ ಕಾಲು ಹಿಡ್ಕೊಂಡು ಕೂಲಿ ಲೆಕ್ಕದಲ್ಲಿ ಹೋಗ್ತಿದೀನಿ. ಓನರ್‌ಗಳು ಒಂದು ಕಾಗದ ಕೇಳ್ತಿದಾರೆ. ನನ್ ಮೂಗಿಗೆ ಏನೂ ಆಗಿಲ್ಲ, ಆವತ್ತು ಗೊತ್ತಿಲ್ದೆ ಸೈನ್ ಹಾಕ್ದೆ, ಮುಂದೆನೂ ಕಂಪ್ಲೇಂಟ್ ಕೊಡಲ್ಲ ಅಂತ. ನಮ್ಗೆ ಹಂಗೆಲ್ಲ ಬರಿಯೋಕೆ ಬರಲ್ಲ. ನೀವೇ ಬರ್ಕೊಡಿ."

ಕೀರ್ತನಾ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಆ ಕಾಗದ ಒಂದು ಹೋದರೆ ಅವಳ ಎರಡು ವರ್ಷದ ಪರೀಕ್ಷೆಗಳೆಲ್ಲ ಸುಳ್ಳಾಗುತ್ತವೆ, ಅವಳು ಅದನ್ನು ಇನ್ನು ಎಲ್ಲಿಯೂ ಬರೆಯುವಂತಿಲ್ಲ. ನಾನು ಅವಳ ಕಡೆ ನೋಡಿದೆ, ಬೇಡ ಎನ್ನಲಿ ಎಂದು ಕಾದೆ.

"ಬರ್ಕೊಡಿ ಸಾರ್" ಎಂದಳು. "ಅವನ ಮಗುಗೆ ಹಾಲು ತರಬೇಕು."

ಚಾಪೆಯ ಮೇಲೆ ಕೂತೆ. ಮಡಿಲಲ್ಲಿ ಬ್ಯಾಗು ಇಟ್ಟುಕೊಂಡು ಹಾಳೆ ತೆಗೆದೆ. ಹೆಸರು, ತಂದೆಯ ಹೆಸರು, ಈ ಮೂಲಕ ದೃಢೀಕರಿಸುವುದೇನೆಂದರೆ. ಮಾತು ತಾನಾಗಿಯೇ ಬಂತು, ತಿದ್ದುವ ಅಗತ್ಯವೇ ಬೀಳಲಿಲ್ಲ. ನನ್ನ ಮೂಗಿನಲ್ಲಿ ಯಾವುದೇ ಗಾಯ, ಹುಣ್ಣು, ರಂಧ್ರ ಇರುವುದಿಲ್ಲ ಎಂದು ಬರೆದು, ಸಹಿಗೆ ಜಾಗ ಬಿಟ್ಟು, ಮೊದಲನೆಯದನ್ನು ಭೈರೇಶನಿಗೆ ಕೊಟ್ಟೆ. ಅವನು ತುಟಿ ಅಲ್ಲಾಡಿಸಿಕೊಂಡು ಓದಿದ. ಸಹಿ ಹಾಕಲು ಬಗ್ಗಿದ. ಹತ್ತಿ ನೆನೆದು ಹೋಗಿತ್ತೋ ಏನೋ, ರಂಧ್ರ ಎಂಬ ಪದದ ಪಕ್ಕದಲ್ಲಿ ಎರಡು ಹನಿ ರಕ್ತ ಬಿತ್ತು. ಅಂಗಿಯ ತೋಳಿನಿಂದ ಒರೆಸಿದ, ಅದು ಅಗಲಕ್ಕೆ ಹರಡಿತು.

"ಇದನ್ನ ಓನರ್ ತಗೊಳ್ಳಲ್ಲ ಸಾರ್" ಎಂದ. "ಬೇರೆ ಹಾಳೆಲಿ ಬರ್ಕೊಡಿ."

ಬೇರೆ ಹಾಳೆ ತೆಗೆದು ಮೊದಲಿನಿಂದ ಬರೆದೆ. ಆಮೇಲೆ ಅವನ ಪಕ್ಕದವನ ಹೆಸರು ಕೇಳಿದೆ.